ದಿಂಬು ಎತ್ತಿಕೊಂಡು ಹೋದವಳು

ನೆಟ್ಟಾ ಬ್ರೈಡನ್ ಮೂವತ್ತಮೂರು ವರ್ಷ ಕೊರಳಪಟ್ಟಿ ಕೂಡಿಸಿದಳು. ಟೆವಿಯಟ್ ಹೊಳೆಯ ದಂಡೆಯ ಕೌಡನ್ ಮಿಲ್‌ನಲ್ಲಿ ಆಡಿನ ತುಪ್ಪಟದ ದುಬಾರಿ ಸ್ವೆಟರಿನ ಮೈ ಒಂದು ಯಂತ್ರದಲ್ಲಿ, ತೋಳು ಇನ್ನೊಂದರಲ್ಲಿ ತಾವಾಗಿಯೇ ಹೆಣೆದುಕೊಂಡು ಬರುತ್ತಿದ್ದವು. ಕೊರಳಿನ ಹತ್ತಿರ ಬಂದಾಗ ಮಾತ್ರ ಮನುಷ್ಯರ ಕಣ್ಣೇ ಬೇಕು. ಪಟ್ಟಿಯ ಒಂದೊಂದು ಕುಣಿಕೆಯನ್ನೂ ಮೈಯ ಒಂದೊಂದು ಕುಣಿಕೆಯ ಎದುರಿಗೆ ತಂದು, ದುಂಡು ತಟ್ಟೆಯ ಅಂಚಿನಲ್ಲಿ ಸಾಲಾಗಿ ನಿಂತ ಸೂಜಿಗಳಿಗೆ ಸಿಕ್ಕಿಸುತ್ತ ಹೋಗಬೇಕು. ಒಂದು ತಪ್ಪಿದರೆ ಎರಡು ಚಳಿಗಾಲ ಕಳೆಯುವುದರೊಳಗೆ ಕೊರಳು ಬಾಯಿ ಬಿಡುತ್ತದೆ. "ಲೋಕದ ಅರ್ಧ ಸಾಹುಕಾರರ ಕುತ್ತಿಗೆ ನನ್ನ ಕೈಯಾಗೆ ಇದೆ" ಎಂದು ನೆಟ್ಟಾ ಹೇಳಿಕೊಳ್ಳುತ್ತಿದ್ದಳು. ಹಿಚುಕುವ ಸಂದರ್ಭ ಒಂದೂ ಬರಲಿಲ್ಲ, ಅಷ್ಟೇ.

ಹೆಸರಿಗೆ ತಕ್ಕಂತೆ ನೆಟ್ಟಗಿನ ಹೆಂಗಸು. ಅರವತ್ತೊಂದರ ವಯಸ್ಸಿನಲ್ಲೂ ಬೆನ್ನು ಬಾಗಿರಲಿಲ್ಲ. ಮಾತು ಅದಕ್ಕಿಂತ ಕಡಿಮೆ ಬಾಗುತ್ತಿತ್ತು. ಗಂಡ ಬಸ್ಸು ಓಡಿಸುತ್ತಿದ್ದವನು, ಹೋಗಿ ಒಂಬತ್ತು ವರ್ಷ. ಮಕ್ಕಳಿಲ್ಲ. ಮಿಲ್ ಇತ್ತು.

ಮಿಲ್‌ನಲ್ಲಿ ಕೊರಳು ಕೂಡಿಸುವವರು ಕೂರುವುದು ಮರದ ಸ್ಟೂಲಿನ ಮೇಲೆ. ಆ ಸ್ಟೂಲುಗಳನ್ನು ಮಾಡಿಸಿದ ಪುಣ್ಯಾತ್ಮನಿಗೆ ಪೃಷ್ಠವೆಂಬ ಅಂಗ ಇರಲಿಲ್ಲವೆಂಬುದು ನಾಲ್ಕು ತಲೆಮಾರಿನ ಹೆಂಗಸರ ಒಮ್ಮತದ ಅಭಿಪ್ರಾಯ. ಅದಕ್ಕೇ ಪ್ರತಿಯೊಬ್ಬಳೂ ಮನೆಯಿಂದ ತನ್ನದೇ ದಿಂಬು ತಂದು ಹಾಕಿಕೊಳ್ಳುತ್ತಿದ್ದಳು. ಸ್ಟೂಲು ಕಂಪನಿಯದು, ದಿಂಬು ಕೂತವಳದು. ಆದ್ದರಿಂದ ಕೋಪ ಬಂದರೆ ಎತ್ತಿಕೊಂಡು ಹೋಗಲು ಅವಳಿಗೆ ಇದ್ದದ್ದು ದಿಂಬೊಂದೇ.

ಅದೊಂದು ಪದ್ಧತಿಯೇ ಆಗಿತ್ತು. ಯಾರಾದರೂ ಮಾತಿನಲ್ಲಿ ಮಿತಿ ದಾಟಿದರೆ ಹೆಂಗಸು ಕೂಗಾಡುವುದಿಲ್ಲ, ಅಳುವುದಿಲ್ಲ. ಎದ್ದು, ದಿಂಬನ್ನು ಕಂಕುಳಿಗೆ ಸಿಕ್ಕಿಸಿ, ಇಡೀ ಕೋಣೆ ನೋಡುತ್ತಿರುವಾಗ ಬಾಗಿಲು ದಾಟಿ ಮನೆಗೆ ಹೋಗುತ್ತಾಳೆ. ಎರಡು ದಿನ ಯಾರೂ ಅವಳ ಸುದ್ದಿ ಎತ್ತುವುದಿಲ್ಲ. ಮೂರನೆಯ ದಿನ ಮಧ್ಯಾಹ್ನ ಫೋರ್‌ಮನ್ ಅವಳ ಮನೆಗೆ ಹೋಗುತ್ತಾನೆ. ಜಗಳದ ಮಾತಿಲ್ಲ. ಚಹಾ ಕುಡಿದು, ಊರಿನ ರಗ್ಬಿ ತಂಡ ಶನಿವಾರ ಹೇಗೆ ಮರ್ಯಾದೆ ಕಳೆಯಿತೆಂದು ವಿವರಿಸಿ, ಹೊರಡುವಾಗ ಹೊಸಿಲಲ್ಲಿ ನಿಂತು ಹೇಳುತ್ತಾನೆ: "ಸೋಮವಾರ ಬಿಳಿ ನೂಲು ಬರ್ತಿದೆ." ಬಿಳಿ ನೂಲೆಂದರೆ ಬೆರಳಿನ ಬೆವರೂ ಎದ್ದು ಕಾಣುವಂಥದ್ದು, ನುರಿತವರಿಗಷ್ಟೇ ಕೊಡುವ ಕೆಲಸ. ನೀನಿಲ್ಲದೆ ನಡೆಯುವುದಿಲ್ಲ ಎಂಬುದಕ್ಕೆ ಆ ಸೀಮೆಯ ಗಂಡಸರ ಬಾಯಿಂದ ಹೊರಡಬಹುದಾದ ಅತಿ ಹೆಚ್ಚಿನ ಮಾತು ಅದು. ಸೋಮವಾರ ಹೆಂಗಸು ದಿಂಬಿನ ಸಮೇತ ಹಾಜರು. ಹೋದವಳು ಮೊದಲು ಮಾತಾಡುವಂತಿಲ್ಲ, ಕರೆಯದೆ ಬರುವಂತಿಲ್ಲ. ನಿಯಮ ಇಷ್ಟೇ, ಎಲ್ಲೂ ಬರೆದಿರಲಿಲ್ಲ.

ನೆಟ್ಟಾ ನಾಲ್ಕು ಸಲ ದಿಂಬು ಎತ್ತಿದ್ದಳು. ಒಮ್ಮೆ ಕಿಟಕಿ ತೆಗೆಯುವ ವಿಷಯಕ್ಕೆ. ಇನ್ನೊಮ್ಮೆ ಚಹಾದ ಬಿಡುವಿನಲ್ಲಿ ಎರಡು ನಿಮಿಷ ಕತ್ತರಿಸಿದ್ದಕ್ಕೆ. ಉಳಿದೆರಡು ಏಕೆಂದು ಅವಳಿಗೇ ಮರೆತುಹೋಗಿತ್ತು, ತಪ್ಪು ಮಾತ್ರ ತನ್ನದಲ್ಲವೆಂಬುದು ಖಚಿತವಾಗಿ ನೆನಪಿತ್ತು. ನಾಲ್ಕು ಸಲವೂ ಫೋರ್‌ಮನ್ ವಾಟ್ ಲೇಡ್ಲಾ ಬಂದು, ಚಹಾ ಕುಡಿದು, ಬಿಳಿ ನೂಲಿನ ಸುದ್ದಿ ಹೇಳಿ ಹೋಗಿದ್ದ.

ವಾಟ್ ನಿವೃತ್ತನಾಗಿ ಎಂಟು ವರ್ಷವಾಗಿತ್ತು. ಮಿಲ್ ಕೈ ಬದಲಾಯಿಸಿ ಎರಡು. ಹೊಸ ಯಜಮಾನರು ಎಲ್ಲಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ. ಅವರ ಪರವಾಗಿ ಲೆಸ್ಟರ್ ಕಡೆಯಿಂದ ಕರ್ಟಿಸ್ ಎಂಬ ಮ್ಯಾನೇಜರ್ ಬಂದಿದ್ದ. ಕೆಟ್ಟವನಲ್ಲ, ಕೆಟ್ಟವನಾಗುವಷ್ಟು ಪುರುಸೊತ್ತು ಅವನಿಗಿರಲಿಲ್ಲ. ಜನವರಿಯ ಕೊನೆಯಲ್ಲೊಂದು ದಿನ ಅವನು ನೆಟ್ಟಾಳ ನಲವತ್ತು ಕೊರಳುಗಳ ಕಟ್ಟನ್ನು ತಂದು ಅವಳ ಮುಂದಿಟ್ಟ. ಹೊಸದಾಗಿ ತಂದಿದ್ದ ತಪಾಸಣೆಯ ಕ್ಯಾಮೆರಾ ಅದರಲ್ಲಿ ಒಂಬತ್ತು ಕುಣಿಕೆ ತಪ್ಪಿದೆ ಎಂದಿತ್ತು.

ನೆಟ್ಟಾ ಕನ್ನಡಕ ಏರಿಸಿ, ಒಂಬತ್ತನ್ನೂ ಬೆಳಕಿಗೆ ಹಿಡಿದು ನೋಡಿದಳು. "ಇದು ಕುಣಿಕೆ ತಪ್ಪಿದ್ದಲ್ಲಪ್ಪ. ನೂಲಿನೊಳಗೆ ಆಡಿನ ದಪ್ಪ ಕೂದಲು ಸೇರ್ಕೊಂಡಿದೆ. ನಿಮ್ಮ ಕ್ಯಾಮೆರಾಕ್ಕೆ ಕೂದಲಿಗೂ ತೂತಿಗೂ ವ್ಯತ್ಯಾಸ ತಿಳೀದು."

"ಕ್ಯಾಮೆರಾ ಸುಳ್ಳು ಹೇಳಲ್ಲ, ನೆಟ್ಟಾ."

"ಹಾಗಾದ್ರೆ ನಾನು ಹೇಳ್ತೀನಾ?"

ಕರ್ಟಿಸ್ ಗಡಿಯಾರ ನೋಡಿಕೊಂಡ. "ವಯಸ್ಸಾದ ಮೇಲೆ ಕಣ್ಣು ಮಂಜಾಗೋದು ಸಹಜ. ತಪ್ಪೇನಿಲ್ಲ. ಒಂಬತ್ತನ್ನೂ ಬಿಚ್ಚಿ ಮತ್ತೆ ಮಾಡಿ."

ಹದಿನಾಲ್ಕು ಯಂತ್ರಗಳು ಒಂದೇ ಸಲ ನಿಂತವು. ನೆಟ್ಟಾ ಎದ್ದಳು. ದಿಂಬು ಎತ್ತಿದಳು. ಹೋದಳು. ಪಕ್ಕದ ಸ್ಟೂಲಿನ ಇಶ್ಬೆಲ್ ಟೆಲ್ಫರ್ ಇಪ್ಪತ್ತು ವರ್ಷದ ಜೊತೆಗಾತಿ. ಮೆಚ್ಚಿಗೆಯಿಂದ ಹುಬ್ಬು ಹಾರಿಸಿದಳು. ಕರ್ಟಿಸ್ ಮಾತ್ರ, "ದಿಂಬು ಒಗೆಯೋಕೆ ಹೋದ್ರಾ?" ಎಂದು ಕೇಳಿದನಂತೆ.

ಮೂರನೆಯ ದಿನ ನೆಟ್ಟಾ ಮನೆ ಗುಡಿಸಿ, ಒಣದ್ರಾಕ್ಷಿಯ ಬ್ರೆಡ್ಡು ಕೊಯ್ದು, ಒಳ್ಳೆಯ ಬಟ್ಟಲು ಇಳಿಸಿಟ್ಟಳು. ಯಾರೂ ಬರಲಿಲ್ಲ. ಹೊಸಬ, ಒಂದು ದಿನ ತಡವಾದೀತು ಎಂದುಕೊಂಡಳು. ಐದನೆಯ ದಿನ ಬಂದದ್ದು ಅಂಚೆಯವನು. ಎಚ್‌ಆರ್ ವಿಭಾಗದ ಕಾಗದ. ಮಿಕ್ಕೆಲ್ಲದರಲ್ಲಿ ಮೈಮರೆತಿರುವ ಎಚ್‌ಆರ್‌ನವರಿಗೆ ಇಂಥದ್ದರಲ್ಲಿ ಎಲ್ಲಿಲ್ಲದ ಎಚ್ಚರ. "ನೀವು ನಿಮ್ಮ ಸ್ವಂತ ವಸ್ತುಗಳನ್ನು ತೆಗೆದುಕೊಂಡು ಕೆಲಸದ ಜಾಗ ಬಿಟ್ಟು ಹೋಗಿದ್ದೀರಿ. ಇದನ್ನು ರಾಜೀನಾಮೆಯೆಂದು ಭಾವಿಸಿ, ಫೆಬ್ರವರಿ ಎರಡರಿಂದ ಅಂಗೀಕರಿಸಿದ್ದೇವೆ. ನಿಮ್ಮ ಉದ್ದೇಶ ಅದಲ್ಲದಿದ್ದರೆ ಏಳು ದಿನದೊಳಗೆ ತಿಳಿಸಿ."

ತಿಳಿಸಬಹುದಿತ್ತು. ಫೋನು ಗೋಡೆಯ ಮೇಲೇ ಇತ್ತು. ಆದರೆ ಹೋದವಳು ಮೊದಲು ಮಾತಾಡುವುದೆಲ್ಲಿ ಬಂತು? ಕಾಗದ ಬಂದರೆ ಕಾಗದ ಬಂದಂತಾಯಿತು, ಮನುಷ್ಯ ಬಂದಂತಾಗಲಿಲ್ಲ. ನೆಟ್ಟಾ ಕಾದಳು. ಏಳು ದಿನ ಕಳೆಯಿತು. ಮೂರನೆಯ ವಾರ ಕೆಲಸ ಮುಗಿದ ದಾಖಲೆಗಳು ಬಂದವು. ಆಗಲೂ ಕಾದಳು. ಅವಳ ಕಾಯುವಿಕೆಯಲ್ಲಿ ಒಂದು ಶಿಸ್ತಿತ್ತು. ಬೆಳಿಗ್ಗೆ ಏಳಕ್ಕೆ ಎದ್ದು, ಕೆಲಸದ ಬಟ್ಟೆ ಹಾಕಿಕೊಂಡೇ ಮನೆಯಲ್ಲಿರುತ್ತಿದ್ದಳು.

ಒಂಬತ್ತನೆಯ ವಾರ ಉಳಿತಾಯದ ಪುಸ್ತಕ ನೋಡಿದ ಮೇಲೆ ಅವಳು ಪೇಟೆಯ ಪುಕ್ಕಟೆ ಕಾನೂನು ಸಲಹಾ ಕೇಂದ್ರಕ್ಕೆ ಹೋದಳು. ಹಳೆಯ ಪ್ರಾರ್ಥನಾ ಮಂದಿರದ ಪಕ್ಕದ ಕೋಣೆ. ಗೋಡೆಯ ಮೇಲೆ 'ನಿಮ್ಮ ಹಕ್ಕು ತಿಳಿಯಿರಿ' ಎಂಬ ಫಲಕ. ಹಕ್ಕಿಗೂ ಹಕ್ಕಿಗೂ ಹೆಚ್ಚು ವ್ಯತ್ಯಾಸವಿಲ್ಲ, ಜನ ಸಾಮಾನ್ಯವಾಗಿ ಹುಡುಕಿಕೊಂಡು ಬರುವುದು ಅದು ಹಾರಿಹೋದ ಮೇಲೆ. ಸಲಹೆ ಕೊಡುವವರು ಮಿಸ್ಟರ್ ಗ್ರೀವ್, ಭೂಗೋಳದ ನಿವೃತ್ತ ಮೇಷ್ಟ್ರು, ಸಂಬಳವಿಲ್ಲದೆ ವಾರಕ್ಕೆ ಎರಡು ದಿನ ಕೂರುವವರು. ಜೀವಮಾನವಿಡೀ ಕುತ್ತಿಗೆಗೆ ದುಡಿದವಳು ಕೊನೆಗೆ ಬಂದು ಸೇರಿದ್ದು ಗ್ರೀವರ ಬಳಿಗೆ.

"ಹೋಗುವಾಗ ನೀವು ಏನಂದ್ರಿ, ಮಿಸೆಸ್ ಬ್ರೈಡನ್?"

"ಏನೂ ಅನ್ನಲಿಲ್ಲ."

"ಕೆಲಸ ಬಿಟ್ಟೆ ಅಂತ? ಸಾಕಪ್ಪಾ ಅಂತ? ಹಾಳಾಗಿ ಹೋಗಿ ಅಂತ?"

"ಬಾಯಿ ತೆಗೀಲೇ ಇಲ್ಲ. ದಿಂಬು ತಗೊಂಡೆ."

ಗ್ರೀವ್ ಕಾಗದದ ಮೇಲೆ 'ದಿಂಬು' ಎಂದು ಬರೆದು, ಸ್ವಲ್ಪ ಹೊತ್ತು ಅದನ್ನೇ ನೋಡಿದರು. ನೆಟ್ಟಾ ಪದ್ಧತಿಯನ್ನೆಲ್ಲ ಹೇಳಿದಳು. ಅವರು ನಗಲಿಲ್ಲ. ನಲವತ್ತು ವರ್ಷ ಮಕ್ಕಳ ನೆಪಗಳನ್ನು ಕೇಳಿದವರಿಗೆ ನಿಜ ಯಾವುದೆಂದು ಗೊತ್ತಾಗುತ್ತದೆ.

"ನೋಡಿ, ಸಿಟ್ಟಿನ ಭರದಲ್ಲಿ ಮಾಡಿದ್ದು ರಾಜೀನಾಮೆ ಅಲ್ಲ ಅಂತ ಕಾರ್ಮಿಕ ನ್ಯಾಯಮಂಡಳಿ ಒಪ್ಪೋದುಂಟು. ಆದ್ರೆ ಅವರು ಏಳು ದಿನ ಕೊಟ್ಟಿದ್ರು. ನೀವು ಉತ್ತರ ಬರೀಲಿಲ್ಲ."

"ಉತ್ತರ ಕೊಡಬೇಕಾದವರು ಅವರು."

"ಅದು ನಿಮಗೆ ಗೊತ್ತು, ನನಗೂ ಈಗ ಗೊತ್ತಾಯ್ತು. ನ್ಯಾಯಾಧೀಶರಿಗೆ ಗೊತ್ತಾಗಬೇಕಲ್ಲ? ಈ ಮಿಲ್‌ನಲ್ಲಿ ದಿಂಬು ಎತ್ತೋದು ಅಂದ್ರೆ ಕೆಲಸ ಬಿಡೋದಲ್ಲ ಅಂತ ಹೇಳೋ ಸಾಕ್ಷಿ ಬೇಕು. ಅರ್ಜಿಗೆ ಗಡುವು ಮೂರು ತಿಂಗಳಿಗೆ ಒಂದು ದಿನ ಕಮ್ಮಿ. ಅಂದ್ರೆ ಮೇ ಒಂದು."

"ಗೆದ್ದರೆ ನನ್ನ ಸ್ಟೂಲು ವಾಪಸ್ಸು ಸಿಗುತ್ತಾ?"

ಗ್ರೀವ್ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. "ಕೇಳಬಹುದು. ಕೊಡೋದು ಅಪರೂಪ."

"ನಂಗೆ ಬೇಕಾಗಿರೋದು ಅದೊಂದೇ."

ಸಾಕ್ಷಿಯೆಂದರೆ ವಾಟ್ ಲೇಡ್ಲಾ. ಎಪ್ಪತ್ತೆಂಟರ ವಾಟ್ ತನ್ನ ಹಿತ್ತಲಲ್ಲಿ ಈರುಳ್ಳಿ ಸಸಿ ನೆಡುತ್ತಿದ್ದ. ಕಥೆಯೆಲ್ಲ ಕೇಳಿ ಮಣ್ಣಿನ ಕೈಯಲ್ಲೇ ಟೋಪಿ ಹಿಂದಕ್ಕೆ ಸರಿಸಿದ.

"ಬರ್ತೀನಿ ಕಣೇ ಹುಡುಗಿ. ಬಂದು ಎಲ್ಲಾ ಹೇಳ್ತೀನಿ. ನನ್ನ ಕಾಲದಲ್ಲಿ ಹನ್ನೊಂದು ಜನ ದಿಂಬು ಎತ್ತಿದ್ರು, ಹನ್ನೊಂದೂ ಜನಾನ ವಾಪಸ್ಸು ತಂದಿದ್ದೆ."

"ಆಫೀಸಿನ ಪುಸ್ತಕದಲ್ಲಿ ಏನಂತ ಬರೀತಿದ್ದೆ? ಗ್ರೀವ್ ಮೇಷ್ಟ್ರು ಅದನ್ನ ಕೇಳಿಕೊಂಡು ಬಾ ಅಂದ್ರು."

ವಾಟ್ ಈರುಳ್ಳಿ ಸಾಲನ್ನು ನೋಡಿದ. "ಜ್ವರ ಅಂತ."

"ಯಾರಿಗೆ ಜ್ವರ?"

"ನಿಂಗೇ ಕಣೇ. ಜಗಳ ಆಡಿ ಎದ್ದು ಹೋದ್ಲು ಅಂತ ಬರೆದ್ರೆ ಆಫೀಸಿನವ್ರು ಸುಮ್ನೆ ಬಿಡ್ತಿದ್ರಾ? ಅದಕ್ಕೇ ಜ್ವರ. ಒಂದು ಸಲ ಹೊಟ್ಟೆನೋವು ಹಾಕ್ದೆ, ಅನುಮಾನ ಬರಬಾರದು ಅಂತ."

"ಮೂವತ್ತಮೂರು ವರ್ಷದಾಗೆ ನಾನು ಒಂದು ದಿನ ಕಾಯಿಲೆ ಅಂತ ಮಲಗಿಲ್ಲ, ವಾಟ್!"

"ಪುಸ್ತಕದಾಗೆ ಹದಿನಾರು ದಿನ ಮಲಗಿದೀಯ." ಮುಖ ತಗ್ಗಿಸಿಯೇ ಹೇಳಿದ, "ಕಾಯಿಲೆ ರಜೆಯ ಸಂಬಳಾನೂ ಬಂದಿದೆ."

ನೆಟ್ಟಾ ಹಿತ್ತಲಿನ ಗೋಡೆಯ ಮೇಲೆ ಕೂತಳು. ಮಳೆ, ಹಿಮ, ಗಂಡನ ಸಾವು, ಯಾವುದಕ್ಕೂ ಜಗ್ಗದೆ ಕೆಲಸಕ್ಕೆ ಹೋದವಳೆಂಬುದೇ ಅವಳ ಆಸ್ತಿ. ಅದನ್ನು ಒಳ್ಳೆಯ ಮನಸ್ಸಿನ ಒಬ್ಬ ಮನುಷ್ಯ ಹದಿನಾರು ದಿನಗಳಷ್ಟು ಕೊರೆದುಬಿಟ್ಟಿದ್ದ. ಪದ್ಧತಿಯನ್ನು ಕಾಪಾಡಲು ಅವನು ಹೇಳಿದ ಸುಳ್ಳಿನಿಂದಲೇ ಆ ಪದ್ಧತಿ ಎಲ್ಲಿಯೂ ಇರಲಿಲ್ಲವೆಂದು ಸಾಬೀತಾಗುತ್ತಿತ್ತು.

ಗ್ರೀವ್ ಇದನ್ನು ಕೇಳಿ 'ದಿಂಬು' ಎಂಬುದರ ಕೆಳಗೆ 'ಜ್ವರ' ಎಂದು ಬರೆದುಕೊಂಡರು. ಆಮೇಲೆ ಹೇಳಿದರು: "ಆದ್ರೂ ಅವರು ಬಂದು ಹೇಳಿದ್ರೆ ಒಂದು ದಾರಿ ಇದೆ. ಸುಳ್ಳು ಬರೆದೆ ಅಂತ ಒಪ್ಪಿಕೊಂಡವನ ಸತ್ಯಕ್ಕೆ ಬೆಲೆ ಕಮ್ಮಿ, ಆದ್ರೆ ಇಲ್ಲವೇ ಇಲ್ಲ ಅಂತಲ್ಲ. ಎದುರು ವಕೀಲರು ಕೇಳೋ ಮೊದಲ ಪ್ರಶ್ನೆ, ಉಳಿದ ಹತ್ತು ಜನ ಯಾರು ಅನ್ನೋದು. ಅದಕ್ಕೆ ತಯಾರಿರಿ. ಈಗಲೂ ಕೆಲಸದಲ್ಲಿರೋರು ಒಬ್ಬರಾದ್ರೂ ಬಂದು ಹೌದು ಅಂದ್ರೆ ಇನ್ನೂ ಬಲ."

ನೆಟ್ಟಾ ಇಶ್ಬೆಲ್‌ಗೆ ವಾಟ್ ಬರೆದ ಜ್ವರದ ವಿಷಯವನ್ನೂ ಸೇರಿಸಿ ಚೀಟಿ ಬರೆದು ಬಾಗಿಲ ಸಂದಿಯಲ್ಲಿ ಹಾಕಿ ಬಂದಳು. ಮೂರು ದಿನ ಕಳೆದು, ಗಡುವಿಗೆ ಒಂದೇ ದಿನ ಉಳಿದಿರುವಾಗ, ಸಂಜೆ ಬಾಗಿಲು ಬಡಿದ ಸದ್ದಾಯಿತು. ತೆಗೆಯುವ ಮೊದಲು ನೆಟ್ಟಾ ಕೂದಲು ಸರಿಮಾಡಿಕೊಂಡಳು.

ಇಶ್ಬೆಲ್ ಕೋಟು ಬಿಚ್ಚಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತಳು.

"ನಿನ್ನ ಚೀಟಿ ಸಿಕ್ತು."

"ಬರ್ತೀಯಾ ಹಾಗಾದ್ರೆ?"

"ನೀನು ವಾಪಸ್ಸು ಯಾಕೆ ಬರ್ಲಿಲ್ಲ, ನೆಟ್ಟಾ? ಎರಡನೇ ವಾರ ಪೂರ್ತಿ ನಿನ್ನ ಸ್ಟೂಲಿನ ಮೇಲೆ ನೂಲಿನ ಬುಟ್ಟಿ ಇಟ್ಟು ಕಾದೆ, ಬೇರೆ ಯಾರೂ ಕೂರದ ಹಾಗೆ."

"ಕರೀದೆ ಹೇಗೆ ಬರ್ಲಿ?"

"ಕರಿಯೋರು ಯಾರಿದಾರೆ ಅಲ್ಲಿ? ಫೋರ್‌ಮನ್ ಅನ್ನೋ ಜಾತಿಯೇ ಇಲ್ಲ ಈಗ. ಒಬ್ಬ ಟೀಮ್ ಲೀಡರ್ ಇದಾನೆ, ಅವನಿಗೆ ನಿನ್ನ ಮನೆ ಎಲ್ಲಿ ಅನ್ನೋದಿರ್ಲಿ, ಹೊಳೆ ಯಾವ ಕಡೆ ಹರಿಯುತ್ತೆ ಅಂತಾನೂ ಗೊತ್ತಿಲ್ಲ."

"ನೀನು ಬರಬಹುದಿತ್ತು."

"ನಾನಾ?" ಇಶ್ಬೆಲ್ ನಿಜವಾಗಿಯೂ ಬೆಚ್ಚಿದಳು. "ನಾನು ಬಂದು ಬಿಳಿ ನೂಲು ಅನ್ನೋಕೆ ನಾನೇನು ಫೋರ್‌ಮನ್ನಾ?"

ಅದು ಆಗುವ ಮಾತಲ್ಲವೆಂದು ನೆಟ್ಟಾಳಿಗೂ ಗೊತ್ತಿತ್ತು.

"ನಿನ್ನ ಯಂತ್ರ ಹೋಯ್ತು," ಎಂದಳು ಇಶ್ಬೆಲ್. "ಹೋದ ತಿಂಗಳು ಬಿಚ್ಚಿ ಪೆಟ್ಟಿಗೆಗೆ ತುಂಬಿದ್ರು. ರೊಮೇನಿಯಾಕ್ಕಂತೆ. ಇನ್ನೂ ಆರು ಹೋಗುತ್ತೆ ಅಂತ ಸುದ್ದಿ. ಯಾರನ್ನ ಮನೆಗೆ ಕಳಿಸೋದು ಅಂತ ಹಾಜರಿ ಪುಸ್ತಕ ಹಿಡ್ಕೊಂಡು ಕೂತಿದಾರೆ. ಕಾಯಿಲೆ ರಜೆ ಜಾಸ್ತಿ ಇದ್ದೋರು ಮೊದಲು." ಅವಳು ಕೈಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿದಳು. "ನಾನು ಮೂರು ಸಲ ಎತ್ತಿದೀನಿ, ನೆಟ್ಟಾ. ನಮ್ಮೊಳಗೆ ಇನ್ನೂ ಐದು ಜನ ಎತ್ತಿದಾರೆ. ವಾಟ್ ಹೋಗಿ ಅದೆಲ್ಲ ಸುಳ್ಳು ಜ್ವರ ಅಂದ್ರೆ ನಮ್ಮ ಗತಿ ಏನು? ಸುಳ್ಳು ಹೇಳಿ ಸಂಬಳ ತಿಂದ ಕಳ್ಳಿಯರು ಅಂತ ಒಂದು ಕಾಸೂ ಪರಿಹಾರ ಇಲ್ಲದೆ ಆಚೆ ಹಾಕ್ತಾರೆ. ಹುಡುಗಿಯರು ಕೇಳ್ಕೊಂಡು ಬಾ ಅಂತ ನನ್ನ ಕಳಿಸಿದ್ರು."

"ಏನಂತ?"

"ಹೋಗಬೇಡ ಅಂತ."

"ನನ್ನ ಕಣ್ಣು ಮಂಜು ಅಂದ, ಇಶ್ಬೆಲ್. ಎಲ್ಲರ ಮುಂದೆ."

"ಕೇಳಿಸ್ಕೊಂಡೆ. ಕೂದಲೇ ಅದು, ಆಡಿನ ಕೂದಲೇ. ನಾವೆಲ್ಲ ಆಮೇಲೆ ನೋಡಿದ್ವಿ."

"ಅವನಿಗೆ ಹೇಳಿದ್ರಾ?"

ಇಶ್ಬೆಲ್ ಎದ್ದು ನಿಂತಳು. ಬಾಗಿಲಲ್ಲಿ ಒಂದು ಕ್ಷಣ ತಡೆದು, "ಚೆನ್ನಾಗಿದೀಯ ತಾನೆ?" ಎಂದಳು. ಉತ್ತರಕ್ಕೆ ಕಾಯಲಿಲ್ಲ. ಕಾಯುವುದು ನೆಟ್ಟಾಳ ಕೆಲಸವಾಗಿತ್ತು.

ಮೇ ಒಂದರಂದು ಗ್ರೀವ್ ಅರ್ಜಿಯನ್ನು ಕಂಪ್ಯೂಟರಿನಲ್ಲಿ ತುಂಬಿಸಿ ಇಟ್ಟಿದ್ದರು. ಒಂದು ಗುಂಡಿ ಒತ್ತಿದರೆ ಸಾಕು. ನೆಟ್ಟಾ ಕೋಟಿನ ಗುಂಡಿ ಬಿಚ್ಚದೆಯೇ ಹೇಳಿದಳು:

"ವಾಟ್ ಹೆಸರು ಬೇಡ. ಹುಡುಗಿಯರದ್ದೂ ಬೇಡ."

"ಅವರಿಲ್ಲದೆ ಇದರಲ್ಲಿ ಉಳಿಯೋದು ನಿಮ್ಮ ಮಾತು, ಅವರ ಕಾಗದ. ಜೊತೆಗೆ ನಿಮಗೆ ನಾಲ್ಕು ಸಲ ಜ್ವರ."

"ಮೂರು ಸಲ. ಒಂದು ಹೊಟ್ಟೆನೋವು."

ಗ್ರೀವ್‌ಗೆ ನಗು ಬಂತು, ಬಂದದ್ದಕ್ಕೆ ನಾಚಿಕೆಯೂ ಆಯಿತು. "ಸೋತರೂ ಪರವಾಗಿಲ್ಲ, ಹಾಕೋಣ ಮಿಸೆಸ್ ಬ್ರೈಡನ್. ನಿಮ್ಮ ಮಾತು ಹೇಳಿದ ಹಾಗಾದ್ರೂ ಆಗುತ್ತೆ."

"ಯಾರಿಗೆ?"

ಗ್ರೀವ್ ಕಿಟಕಿಯ ಕಡೆ ನೋಡಿದರು. ಭೂಪಟದಲ್ಲಿ ಯಾವ ದೇಶ ಎಲ್ಲಿದೆಯೆಂದು ಅವರು ಕಣ್ಣು ಮುಚ್ಚಿ ಹೇಳಬಲ್ಲರು. ಈ ಹೆಂಗಸು ಈಗ ಎಲ್ಲಿಗೆ ಹೋಗಬೇಕೆಂದು ಹೇಳುವುದು ಅವರಿಗೆ ಆಗಲಿಲ್ಲ. ಗುಂಡಿ ಒತ್ತದೆ, ಕೇಂದ್ರದ ನಿಯಮದಂತೆ ಒಂದು ಚೀಟಿಯಲ್ಲಿ ಉದ್ಯೋಗ ಕಚೇರಿಯ ವಿಳಾಸ ಬರೆದುಕೊಟ್ಟರು. ಆ ಕಚೇರಿ ಎಲ್ಲಿದೆಯೆಂದು ಊರಿನ ನಾಯಿಗಳಿಗೂ ಗೊತ್ತಿತ್ತು. ಆದರೂ ನೆಟ್ಟಾ ಚೀಟಿಯನ್ನು ಮಡಚಿ ಇಟ್ಟುಕೊಂಡು, "ನಿಮಗೆ ತುಂಬಾ ತೊಂದ್ರೆ ಕೊಟ್ಟೆ" ಎಂದು ಕೈಕುಲುಕಿದಳು.

ಉದ್ಯೋಗ ಕಚೇರಿಯಲ್ಲಿ ಮೇಜಿನ ಆಚೆ ಇದ್ದ ಹುಡುಗಿ ಎಲೀದ್, ಇಪ್ಪತ್ತೈದರವಳು, ದನಿಯಲ್ಲಿ ಕರುಣೆಯಿತ್ತು. ಹೆಸರು, ವಿಳಾಸ, ವಯಸ್ಸು ಕೇಳಿದಳು. ಪಿಂಚಣಿಗೆ ಇನ್ನೂ ಆರು ವರ್ಷವಿದೆ ಎಂದು ಲೆಕ್ಕ ಹಾಕಿ, ನೆಟ್ಟಾಳ ಪರವಾಗಿ ತಾನೇ ನಿಟ್ಟುಸಿರು ಬಿಟ್ಟಳು.

"ಹಿಂದಿನ ಕೆಲಸ ಹೇಗೆ ಮುಗೀತು ಅಂತ ಹಾಕ್ಲಿ? ಕಂಪನಿಯವರು ರಾಜೀನಾಮೆ ಅಂತ ಕೊಟ್ಟಿದಾರೆ. ಅದು ತಪ್ಪಾಗಿದ್ರೆ ಹೇಳಿ, ಬೇರೆ ಹಾಕ್ತೀನಿ. ಯಾಕಂದ್ರೆ ತಾವಾಗೇ ಬಿಟ್ಟೋರಿಗೆ ಮೂರು ತಿಂಗಳವರೆಗೂ ಭತ್ಯೆ ತಡೆಹಿಡೀಬಹುದು."

ಬೇರೆ ಹಾಕಿದರೆ ಏಕೆಂದು ಕೇಳುತ್ತಾರೆ. ಕೇಳಿದರೆ ಹೇಳಬೇಕು. ಹೇಳಿದರೆ ಅದು ಒಂದು ಕಚೇರಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಮಿಲ್‌ಗೆ ಹೋಗುತ್ತದೆ. ಮಿಲ್‌ನಲ್ಲಿ ಹಾಜರಿ ಪುಸ್ತಕ ತೆರೆದೇ ಇದೆ.

"ನಾನೇ ಬಿಟ್ಟೆ," ಎಂದಳು ನೆಟ್ಟಾ.

ಆ ಮಾತನ್ನು ಅವಳು ಬಾಯಿ ಬಿಟ್ಟು ಆಡಿದ್ದು ಅದೇ ಮೊದಲು.

"ಬಿಡೋಕೆ ಸರಿಯಾದ ಕಾರಣ ಇದ್ರೆ ಇಲ್ಲಿ ಬರೀಬಹುದು. ಜಾಗ ಇದೆ. ಏನಾದ್ರೂ ಇತ್ತಾ, ಅಮ್ಮಾ?"

"ಇಲ್ಲ."

ಎಲೀದ್ ಆ ಚೌಕವನ್ನು ಖಾಲಿ ಬಿಟ್ಟು ಮುಂದಿನ ಪುಟಕ್ಕೆ ಹೋದಳು. ಅಲ್ಲಿ ಆರೋಗ್ಯದ ಪ್ರಶ್ನೆಗಳಿದ್ದವು; ಮೊದಲನೆಯದು, ಹಿಂದಿನ ಕೆಲಸದಲ್ಲಿ ಕಾಯಿಲೆ ರಜೆ ಎಷ್ಟು ದಿನ ಎಂಬುದು.